ದಿಬ್ಬ ಅಗೆದ ಮಳೆಗಾಲ

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಓಣಿಯ ಮೂಲೆಯ ಗ್ಯಾರೇಜಿನವರು ಹಳೆಯ ಛಾವಣಿ ತೆಗೆಸುತ್ತಿದ್ದರು. ಇಬ್ಬರು ಆಳುಗಳು ಮೇಲಿನಿಂದ ಬೂದು ಬಣ್ಣದ ಸಿಮೆಂಟ್ ಶೀಟುಗಳನ್ನು ಕೆಳಕ್ಕೆ ಎಸೆಯುತ್ತಿದ್ದರು. ಕೆಳಗಿದ್ದವನು ಅವನ್ನು ಸುತ್ತಿಗೆಯಿಂದ ಒಡೆದು ಟೆಂಪೋಗೆ ತುಂಬುತ್ತಿದ್ದ. ನಾನು ಹಾಲು ತರಲು ಹೊರಟವಳು. ಒಣ ಸುಣ್ಣದಂಥ ಆ ಧೂಳು ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಚೀಲ ಅಲ್ಲೇ ಬಿಟ್ಟು "ಥಾಂಬಾ! ಥಾಂಬಾ!" ಎಂದು ಕೆಲಸ ನಿಲ್ಲಿಸಲು ಕೂಗುತ್ತ ಓಡಿದೆ. ಗ್ಯಾರೇಜಿನ ನಲ್ಲಿಯಿಂದ ಬಕೆಟ್ ತುಂಬಿಸಿ ಒಡೆದ ಚೂರುಗಳ ಮೇಲೆ ಸುರಿದೆ. ಇನ್ನೊಂದು ಬಕೆಟ್, ಮತ್ತೊಂದು. ಆಳುಗಳು ನನ್ನನ್ನು ನೋಡಿ ನಕ್ಕರು. "ಬರೀ ಧೂಳು ಆಯೀ," ಎಂದ ಸುತ್ತಿಗೆಯವನು ಮರಾಠಿಯಲ್ಲಿ. ಬಕೆಟ್ ಅವನ ಕಾಲ ಬಳಿ ಇಟ್ಟೆ. ಅಲ್ಲೇ ಫುಟ್‌ಪಾತಿನ ಮೇಲೆ ಕುಳಿತುಬಿಟ್ಟೆ.

ಪವರ್ ಹೌಸ್ ಮುಚ್ಚಿದ ವರ್ಷದ ಮಳೆಗಾಲ ಇಡಿಯಾಗಿ ಬಂದು ಎದುರಿಗೆ ನಿಂತಿತ್ತು.

ನಮ್ಮ ಪವರ್ ಹೌಸ್ ಮುಳಾ-ಮುಠಾ ನದಿಯ ದಂಡೆಯ ಮೇಲಿತ್ತು. ದೊಡ್ಡದೇನಲ್ಲ, ಎರಡೇ ಚಿಮಣಿ, ಎರಡು ಬಾಯ್ಲರು, ಕಲ್ಲಿದ್ದಲು ತರುವ ಒಂದು ರೈಲು ಹಳಿ. ನಾನು ಅಲ್ಲಿ ಕೆಮಿಸ್ಟ್. ಬಾಯ್ಲರಿಗೆ ಹೋಗುವ ನೀರು ಶುದ್ಧವಾಗಿದೆಯೇ ಎಂದು ದಿನಕ್ಕೆ ಮೂರು ಸಲ ಪರೀಕ್ಷಿಸುವುದು ನನ್ನ ಕೆಲಸ. ಮದುವೆಯಾಗಿ ಬಾಗಲಕೋಟೆಯಿಂದ ಪುಣೆಗೆ ಬಂದ ಮೂರನೆಯ ವರ್ಷ ಸೇರಿದವಳು, ಕಂಪನಿಯ ಕಾಲೊನಿಯಲ್ಲೇ ಸಂಸಾರ ಮಾಡಿದೆ, ಮಗಳು ಅನಘಾ ಅಲ್ಲೇ ಬೆಳೆದಳು. ಆ ವರ್ಷದ ಮಾರ್ಚಿನಲ್ಲಿ ಕೊನೆಯ ಬಾಯ್ಲರನ್ನು ಆರಿಸಿದರು. ಹಳೆಯದಾಯಿತು, ಹೊಗೆ ಹೆಚ್ಚು, ಊರು ಸುತ್ತ ಬೆಳೆದುಬಿಟ್ಟಿದೆ, ಎಲ್ಲ ಕಾರಣಗಳೂ ನಿಜವೇ. ಆದರೆ ಇಪ್ಪತ್ತೆರಡು ವರ್ಷ ಕಿವಿಯಲ್ಲಿದ್ದ ಗುಂಯ್ ಎನ್ನುವ ಸದ್ದು ಒಂದು ಮಧ್ಯಾಹ್ನ ನಿಂತಾಗ, ಕಾಲೊನಿಯ ಹೆಂಗಸರೆಲ್ಲ ಏನಾಯಿತೆಂದು ಬಾಗಿಲಿಗೆ ಬಂದು ನಿಂತಿದ್ದೆವು. ಯಾರೋ ತೀರಿಕೊಂಡಾಗ ನಿಲ್ಲುವ ಹಾಗೆ.

ಹೆಚ್ಚಿನವರಿಗೆ ಬೇರೆ ಕಡೆ ವರ್ಗವಾಯಿತು. ಜಾಗದ ತೀರ್ಮಾನ ಆಗುವ ತನಕ ಕಾಗದಪತ್ರ, ಯಂತ್ರ, ಸಾಮಾನು ನೋಡಿಕೊಳ್ಳಲು ಹನ್ನೊಂದು ಜನರನ್ನು ಉಳಿಸಿಕೊಂಡರು. ಅವರಲ್ಲಿ ನಾನೂ ಒಬ್ಬಳು. ಪರೀಕ್ಷಿಸಲು ನೀರೇ ಇಲ್ಲದ ಪ್ರಯೋಗಾಲಯದಲ್ಲಿ ಕೂತು ನಾನು ಬಾಟಲಿಗಳ ಪಟ್ಟಿ ಮಾಡುತ್ತಿದ್ದೆ.

ಆ ಜಾಗದ ಮೇಲೆ ಎಲ್ಲರ ಕಣ್ಣೂ ಇತ್ತು. ಊರ ನಡುವೆ, ನದಿಗೆ ತಾಗಿಕೊಂಡು ಅಷ್ಟು ದೊಡ್ಡ ಬಯಲು ಪುಣೆಯಲ್ಲಿ ಇನ್ನೆಲ್ಲಿದೆ? ಜೂನಿನಲ್ಲಿ ಮಳೆ ಹಿಡಿದ ಮೇಲೂ ವಾರಕ್ಕೆರಡು ಸಲ ಕಾರುಗಳು ಬರುತ್ತಿದ್ದವು. ಛತ್ರಿ ಹಿಡಿದು ಇಳಿದವರು ಚಿಮಣಿಯ ಕಡೆ ಬೆರಳು ಮಾಡಿ ಮಾತಾಡಿಕೊಂಡು, ಬೂಟಿಗೆ ಮೆತ್ತಿದ ಬೂದಿಯ ಕೆಸರನ್ನು ಮೆಟ್ಟಿಲಿಗೆ ತಿಕ್ಕಿ ಹೋಗುತ್ತಿದ್ದರು. ಇಪ್ಪತ್ತು ಅಂತಸ್ತಿನ ಮನೆಗಳು ಎಂದು ಒಬ್ಬರು, ಬ್ಯಾಟರಿಗಳಲ್ಲಿ ವಿದ್ಯುತ್ ಕೂಡಿಡುವ ಕೇಂದ್ರ ಎಂದು ಇನ್ನೊಬ್ಬರು, ಟರ್ಬೈನ್ ಹಾಲನ್ನು ವಸ್ತುಸಂಗ್ರಹಾಲಯ ಮಾಡಬೇಕೆಂದು ಮತ್ತೊಬ್ಬರು. ಗೇಟಿನ ಆಚೆಯ ವಸತಿಯವರಿಗೆ, ಕಾಲೊನಿಯ ನಮಗೆ, ಬೇಕಾದದ್ದು ಒಂದೇ: ಉದ್ಯಾನ. ನಲವತ್ತು ವರ್ಷ ಒಗೆದ ಬಟ್ಟೆಯ ಮೇಲೆ ಬೂದಿ ಬೀಳಿಸಿಕೊಂಡವರು ನಾವು, ಮಕ್ಕಳಿಗೆ ಆಡಲು ಇಷ್ಟು ಹಸಿರನ್ನಾದರೂ ಕೊಡಿ ಎಂದು ಕೇಳಿದೆವು. ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದವಳು ನಾನೇ.

ಉದ್ಯಾನಕ್ಕೆ ನಾವು ತೋರಿಸುತ್ತಿದ್ದ ಜಾಗವೆಂದರೆ ದಿಬ್ಬ. ಕಲ್ಲಿದ್ದಲ ಅಂಗಳಕ್ಕೂ ನದಿಗೂ ನಡುವೆ ಎರಡಾಳೆತ್ತರದ ಮಣ್ಣಿನ ದಿಬ್ಬವಿತ್ತು. ಅದರ ಮೇಲೆ ಬೇವು, ಗುಲ್‌ಮೊಹರು, ದಾಸವಾಳ, ಒಂದು ಪಾರಿಜಾತ. ಇಡೀ ಪವರ್ ಹೌಸಿನಲ್ಲಿ ಎಲೆಗಳು ಹಸಿರಾಗಿ ಕಾಣುತ್ತಿದ್ದ ಜಾಗ ಅದೊಂದೇ, ಏಕೆಂದರೆ ಮಲ್ಲಪ್ಪ ಕಾಕಾ ದಿನಾ ಬಂದು ಎಲೆಗಳಿಗೆ ನೀರು ಹೊಡೆದು ಬೂದಿ ತೊಳೆಯುತ್ತಿದ್ದರು.

ಮಲ್ಲಪ್ಪ ಕಾಕಾ ಧಾರವಾಡದ ಕಡೆಯವರು. ಬಾಯ್ಲರು ರಿಪೇರಿಯ ತಂಡಕ್ಕೆ ಮೇಸ್ತ್ರಿ, ಅಂದರೆ ಮುಕಾದಮರಾಗಿದ್ದು, ನಿವೃತ್ತರಾಗಿ ಗೇಟಿನ ಆಚೆಯ ವಸತಿಯಲ್ಲೇ ಎರಡು ಕೋಣೆಯ ಮನೆ ಮಾಡಿಕೊಂಡಿದ್ದರು. ಎಪ್ಪತ್ತು ದಾಟಿದರೂ ನೇರ ಬೆನ್ನು, ಬಿಳಿ ಟೋಪಿ. ಸದಾ ಸಣ್ಣ ಒಣಕೆಮ್ಮು. ಅವರ ಹೆಂಡತಿ ಶಾಂತವ್ವ ಕಾಕೂ ನಾನು ಬಸುರಿಯಾಗಿದ್ದಾಗ ಜೋಳದ ರೊಟ್ಟಿ, ಎಣಗಾಯಿ ಮಾಡಿ ಡಬ್ಬಿಯಲ್ಲಿ ತಂದುಕೊಟ್ಟವರು. ಆ ಮಳೆಗಾಲಕ್ಕೆ ಕಾಕೂ ತೀರಿಕೊಂಡು ಮೂರು ವರ್ಷವಾಗಿತ್ತು. ಎದೆಯಲ್ಲಿ ನೀರು ತುಂಬುತ್ತಿತ್ತು, ತೆಗೆದಷ್ಟೂ ತುಂಬುತ್ತಿತ್ತು. ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಬೀಡಿ ಸೇದುತ್ತಾರಾ, ಏನು ಕೆಲಸ ಎಂದು ಡಾಕ್ಟರು ಕೇಳಿದ್ದರು. ಮನೆಯಲ್ಲೇ ಇರುತ್ತಾರೆ ಎಂದೆ. 'ಗೃಹಿಣಿ' ಎಂದು ಬರೆದುಕೊಂಡರು. ಪ್ರಶ್ನೆ ಅಲ್ಲಿಗೆ ನಿಂತಿತು.

ಜುಲೈ ಕೊನೆಯಲ್ಲಿ ಮಣ್ಣು ಪರೀಕ್ಷೆಗೆಂದು ಒಂದು ಸಂಸ್ಥೆಯವರು ಬಂದರು. ಜಾಗವನ್ನು ಯಾರಿಗೆ ಕೊಟ್ಟರೂ ಮೊದಲು ಮಣ್ಣಿನ ವರದಿ ಬೇಕಿತ್ತು. ಬಂದ ಎಂಜಿನಿಯರು ಮೇಘನಾ ಎಂಬ ಬೆಂಗಳೂರಿನ ಹುಡುಗಿ. ಕಚೇರಿಯಲ್ಲಿ ನನ್ನ ಹೆಸರು ನೋಡಿ "ಕನ್ನಡದವರಾ ಮೇಡಂ? ಅಬ್ಬ, ಎರಡು ತಿಂಗಳಿಂದ ಮರಾಠಿ ಕೇಳಿ ಕೇಳಿ ಸಾಕಾಗೋಗಿತ್ತು," ಎಂದು ನಕ್ಕಳು. ನಾನು ಅವಳಿಗೆ ಜಾಗ ತೋರಿಸುವವಳಾದೆ. ಎಲ್ಲೆಲ್ಲಿ ಕೊರೆಯಬೇಕೆಂದು ಅವಳ ನಕ್ಷೆಯಲ್ಲಿ ಚುಕ್ಕೆಗಳಿದ್ದವು; ದಿಬ್ಬದ ಮೇಲೆ ಚುಕ್ಕೆ ಇರಲಿಲ್ಲ. "ಅಲ್ಲೂ ಒಂದು ಕೊರೆಯಮ್ಮ, ಉದ್ಯಾನ ಆಗೋದು ಅಲ್ಲೇ," ಎಂದು ಹೇಳಿದವಳು ನಾನು. ಒಳ್ಳೆಯ ವರದಿ ಬಂದರೆ ನಮ್ಮ ಅರ್ಜಿಗೆ ಬಲ ಬರುತ್ತದೆ ಎಂಬ ಆಸೆ.

ಅವತ್ತು ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ನದಿ ಕೆಂಪಗೆ ಉಕ್ಕಿ, ಅಂತರಗಂಗೆಯ ಗುಡ್ಡೆಗಳನ್ನು ಹೊತ್ತುಕೊಂಡು ಹೋಗುತ್ತಿತ್ತು. ಜಿಟಿಜಿಟಿ ಮಳೆ. ಎರಡು ಬೇವಿನ ಮರಗಳ ನಡುವೆ ಮುಕ್ಕಾಲಿ ನಿಲ್ಲಿಸಿ ಕೊರೆಯತೊಡಗಿದರು. ಮೊದಲು ಕಪ್ಪು ಮಣ್ಣು, ಆಮೇಲೆ ಬೂದಿ, ಆಮೇಲೆ ಮುರ್ರಮ್ ಎನ್ನುವ ಗರಸು ಮಣ್ಣು. ಒಂದಾಳು ಆಳಕ್ಕೆ ಹೋದಾಗ ಕೊಳವೆಯ ತುದಿಯಲ್ಲಿ ಏನೋ ಬೆಳ್ಳಗೆ ಬಂತು. ಮೇಘನಾ ಕೈಗವಸಿನ ಬೆರಳಲ್ಲಿ ಅದನ್ನು ಹಿಸುಕಿ ನೋಡಿದಳು.

"ಮೇಡಂ, ಇದು ಮಣ್ಣಲ್ಲ. ಒಳ್ಳೆ ಹತ್ತಿ ಥರ ಇದೆ ನೋಡಿ. ಎಳೆ ಎಳೆ ಬರ್ತಿದೆ."

ಹಳೆಯ ಗೋಣಿಯೋ, ಕೊಳೆತ ಹಾಸಿಗೆಯೋ ಇರಬೇಕೆಂದುಕೊಂಡೆ. ಆದರೂ ಒಂದು ಚಿಟಿಕೆಯನ್ನು ಒದ್ದೆ ಕಾಗದದಲ್ಲಿ ಸುತ್ತಿಕೊಂಡು ಪ್ರಯೋಗಾಲಯಕ್ಕೆ ಹೋದೆ. ಐದು ತಿಂಗಳಿಂದ ಹಚ್ಚದ ಬರ್ನರ್ ಹಚ್ಚಿದೆ. ಇಕ್ಕಳದಲ್ಲಿ ಹಿಡಿದು ಜ್ವಾಲೆಗೆ ಒಡ್ಡಿದೆ. ನೀರು ಆರಿತು, ಎಳೆ ಕೆಂಪಗೆ ಕಾಯ್ದಿತು, ಹೊರಗೆ ತೆಗೆದಾಗ ಮತ್ತೆ ಬೆಳ್ಳಗಾಯಿತು. ಸುಡಲಿಲ್ಲ, ಕರಗಲಿಲ್ಲ, ವಾಸನೆ ಬರಲಿಲ್ಲ. ಬೆಂಕಿಗೆ ಸುಡದ ಹತ್ತಿ ಜಗತ್ತಿನಲ್ಲಿ ಎಷ್ಟಿದ್ದೀತು! ಕಲ್ನಾರು ಎಂದು ಪಠ್ಯಪುಸ್ತಕದಲ್ಲಿ ಓದಿದ್ದ ಶಬ್ದ ನೆನಪಾಯಿತು. ಅಸ್ಬೆಸ್ಟಾಸ್. ಶಾಖ ಹೊರಹೋಗದಂತೆ ಬಾಯ್ಲರಿಗೂ ಉಗಿ ಕೊಳವೆಗಳಿಗೂ ಒಂದು ಕಾಲದಲ್ಲಿ ಸುತ್ತುತ್ತಿದ್ದ ಹೊದಿಕೆ ಅದು; ಛಾವಣಿಯ ಸಿಮೆಂಟ್ ಶೀಟುಗಳಿಗೂ ಅದನ್ನೇ ಬೆರೆಸುತ್ತಿದ್ದರು. ಮಣ್ಣಿನೊಳಗೆ ಸುಮ್ಮನಿದ್ದರೆ ಏನೂ ಮಾಡದು; ಒಣಗಿ ಗಾಳಿಗೆ ಹಾರಿ ಎದೆಯೊಳಗೆ ಹೋಯಿತೆಂದರೆ ಮೂವತ್ತು ವರ್ಷವಾದರೂ ಕಾದು ಕೂರುತ್ತದೆ.

ಬರ್ನರ್ ಆರಿಸುವುದನ್ನೂ ಮರೆತು ಓಡಿದೆ. ದಿಬ್ಬದ ಮೇಲೆ ಮೇಘನಾ ಆ ಬಿಳಿಯದನ್ನು ಡಬ್ಬಿಗೆ ತುಂಬುತ್ತಿದ್ದಳು. "ಬಿಡು, ಮುಟ್ಟಬೇಡ, ನೀರು ಹಾಕಿ ಮುಚ್ಚಿಸು," ಎಂದು ಕೂಗಿದೆ. ಅವಳು ಡಬ್ಬಿಯ ಮುಚ್ಚಳ ಬಿಗಿದು ಹಿಂದೆ ಸರಿದಳು. ಕೊರೆದ ಗುಂಡಿಗೆ ಒದ್ದೆ ಮಣ್ಣು ತುಂಬಿಸಿ, ಸೀಲ್ ಮಾಡಿದ ಒಂದು ಡಬ್ಬಿಯನ್ನು ಮಾತ್ರ ಪರೀಕ್ಷೆಗೆ ಕಳಿಸಿದೆವು. ನನ್ನ ತಲೆಯಲ್ಲಿ ಒಂದೇ ಚಿತ್ರ: ಅನಘಾ ಸೈಕಲ್ ಕಲಿತದ್ದು ಇದೇ ದಿಬ್ಬದ ಮೇಲೆ.

ಅದನ್ನು ಅಲ್ಲಿ ಯಾರು ಹಾಕಿದರು, ಎಷ್ಟಿದೆ ಎಂದು ಹೇಳಬಲ್ಲವರು ಒಬ್ಬರೇ. ಸಂಜೆ ಮಲ್ಲಪ್ಪ ಕಾಕಾ ಮನೆಗೆ ಹೋದೆ. ಮಳೆ ನಿಂತಿತ್ತು, ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು.

"ಬಾರವ್ವಾ ಶೈಲಾ. ಏನ್ ಹಿಂಗ ಓಡಿಬಂದಿ?"

"ಕಾಕಾ, ದಿಬ್ಬದಾಗ ಬೆಳ್ಳನ ಹತ್ತಿ ಅರಳಿ ಅಂಥಾದ್ದು ಸಿಕ್ತರಿ. ನಿಮಗೇನರ ಗೊತ್ತದ ಏನ್ರಿ?"

ಅವರ ಮುಖ ಅರಳಿತು. ಹಳೆಯ ಗೆಳೆಯನ ಸುದ್ದಿ ಕೇಳಿದ ಹಾಗೆ.

"ಸಿಕ್ತೇನು! ಅದನ್ನ ಹುಗದವ್ರ ನಾವು! ನೀ ಇನ್ನ ಸಾಲಿಗೆ ಹೋಗತಿದ್ದಿ ಆವಾಗ. ಒಂದನೇ ನಂಬರ್ ಬಾಯ್ಲರಿನ ಹಳೇ ಹೊದಿಕೆ ಎಲ್ಲಾ ಕಿತ್ತು ಹೊಸಾದು ಹಾಕೂದಿತ್ತು. ನಾನು, ನನ್ನ ಕೈಕೆಳಗ ಎಂಟು ಮಂದಿ. ಮೂರು ವಾರ ಕಿತ್ತೀವಿ. ಬರೇ ಕೈಲೆ. ಮೂಗಿಗೆ ಒಂದು ವಸ್ತ್ರ ಕಟ್ಟಿಕೊಂಡ್ರ ಕಟ್ಟಿಕೊಂಡ್ವಿ, ಇಲ್ಲಂದ್ರ ಇಲ್ಲ. ಮಂದಿ ಹಿಟ್ಟಿನ ಗಿರಣಿಯಾಗಿಂದ ಬಂದಂಗ ಕಾಣತಿದ್ವಿ. ಕೆಲಸಾ ಮುಗಿದ ಮರುದಿನ ಎಲ್ಲಾರೂ ಕೂಡಿ ಜೇಜುರಿ ದೇವರಿಗೆ ಹೋದ್ವಿ. ಮೂರು ವಾರ ಬೆಳ್ಳಗಿದ್ದಾವ್ರು, ಭಂಡಾರದ ಅರಿಷಿಣದಾಗ ಮುಳುಗಿ ಹಳದಿ ಆಗಿ ಬಂದ್ವಿ ನೋಡು!" ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ತನಕ ನಾನು ನೆಲ ನೋಡುತ್ತ ಕುಳಿತೆ.

"ಅಲ್ಲೇ ಯಾಕ ಹುಗದ್ರಿ ಕಾಕಾ?"

"ಆವಾಗಿನ ಸಾಹೇಬ್ರು ಹೇಳಿದ್ರು. ಹೊಳೀಗೆ ಒಗೀಬ್ಯಾಡ್ರಿ, ಕುಣಿ ತೋಡಿ ಹುಗೀರಿ, ಮ್ಯಾಲೆ ಗಿಡಾ ಹಚ್ಚರಿ ಅಂದ್ರು. ಗಿಡಾ ಇದ್ರ ಮುಂದ ಯಾರೂ ಅಗಿಯೂದಿಲ್ಲ ಅಂದ್ರು. ಅದಕ್ಕ ನಾ ಆವತ್ತಿಂದ ಗಿಡಾ ಬಿಟ್ಟಿಲ್ಲ."

ಯಾರೂ ಅಗೆಯಬಾರದು! ಅಂದರೆ ಆ ಸಾಹೇಬರಿಗೆ ಗೊತ್ತಿತ್ತು. ಏನು ಹುಗಿಯುತ್ತಿದ್ದಾರೆ ಎಂಬುದು, ಬರಿಗೈಯಲ್ಲಿ ಹುಗಿಯುತ್ತಿದ್ದವರ ಹೊರತು ಬೇರೆಯವರಿಗೆ ಗೊತ್ತಿತ್ತು. ಕಾಕಾ ಮಾತ್ರ ನೆನಪಿನ ಹುಮ್ಮಸ್ಸಿನಲ್ಲಿದ್ದರು. ಶೇಂಗಾದ ಸಿಪ್ಪೆಯನ್ನು ಅಂಗಳಕ್ಕೆ ಊದಿ, ಬಾಗಿಲ ಕಡೆ ಕೈ ಮಾಡಿದರು.

"ನಿಮ್ಮ ಕಾಕೂ ಬೈತಿದ್ಲು ನೋಡು ಆವಾಗ! ದಿನಾ ಸಂಜಿಕೆ ನನ್ನ ಅಂಗಿ ಧೋತರಾ ಇಲ್ಲೇ ಈ ಕಟ್ಟೀಗೆ ಬಡಿದು ಬಡಿದು ಝಾಡಿಸಾಕಿ. ಹಿಂತಾ ಧೂಳಾಗ ಮನಿ ಹೊಕ್ಕಬ್ಯಾಡ ಅನ್ನಾಕಿ. ಮಾರಿ ಎಲ್ಲಾ ಬೆಳ್ಳಗ ಮಾಡಿಕೊಂಡು ನಿಲ್ಲತಿದ್ಲು, ಜೋಳದ ಹಿಟ್ಟು ಸಾಣಿಸಿದಾಂಗ."

ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಅವರಿಗೆ ಅಲ್ಲೇ ಎಲ್ಲ ತಿಳಿದುಹೋಗುತ್ತಿತ್ತು. ಆಸ್ಪತ್ರೆಯ ಆ ಮೇಜು, ಡಾಕ್ಟರರ ಪೆನ್ನು, ನನ್ನದೇ ಬಾಯಿಂದ ಬಂದ "ಮನೆಯಲ್ಲೇ ಇರುತ್ತಾರೆ" ಎಂಬ ಉತ್ತರ. ಒಂದು ದಿನವೂ ಬಾಯ್ಲರಿನ ಹತ್ತಿರ ಸುಳಿಯದ ಹೆಂಗಸು.

"ಯಾಕ ಸುಮ್ನಾದಿ?"

"ಏನಿಲ್ರಿ. ವರದಿ ಬರಲಿ, ಆಮ್ಯಾಲ ಹೇಳ್ತೀನಿ," ಎಂದು ಎದ್ದು ಬಂದೆ. ಅವರು ಸೆರಗಿಗೆ ಹಾಕಿದ ಒಂದು ಹಿಡಿ ಶೇಂಗಾ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಮರುದಿನ ನಮ್ಮ ಉಸ್ತುವಾರಿ ಸಾಹೇಬರಿಗೆ ಹೇಳಿದೆ. ಕೆಟ್ಟ ಮನುಷ್ಯರಲ್ಲ; ನಿವೃತ್ತಿಗೆ ಎಂಟು ತಿಂಗಳಿತ್ತು ಅಷ್ಟೆ. ಬಾಗಿಲು ಮುಂದೆ ಮಾಡಿ, ಪರೀಕ್ಷೆಯ ಫಲಿತಾಂಶ ಬಂದರೂ ಸಾರ್ವಜನಿಕ ಸಭೆ ಮುಗಿಯುವ ತನಕ ಯಾರಿಗೂ ಹೇಳಬೇಡಿ ಎಂದರು. ಜನ ಗಾಬರಿಯಾಗುತ್ತಾರೆ, ಮೇಲಿನವರು ನೋಡಿಕೊಳ್ಳುತ್ತಾರೆ ಎಂದರು. ನಾನು ಒಪ್ಪಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಒಪ್ಪಿಕೊಂಡದ್ದು ನಿಜ. ಐದನೆಯ ದಿನ ಫಲಿತಾಂಶ ಬಂತು. ನಾನು ಊಹಿಸಿದ್ದೇ. ಮೇಘನಾ ಫೋನಿನಲ್ಲಿ "ಮೇಡಂ, ನಮ್ಮ ಸರ್ ಇದನ್ನ ಫೈನಲ್ ರಿಪೋರ್ಟ್‌ನಲ್ಲಿ ನೋಡೋಣ ಅಂತಿದಾರೆ. ಅಷ್ಟೊತ್ತಿಗೆ ಸಭೆ ಮುಗಿದಿರತ್ತೆ. ನಿಮಗೊಂದು ಕಾಪಿ ಕಳಿಸ್ತೀನಿ. ನಾನು ಕಳಿಸ್ದೆ ಅಂತ ಬೇಕಾದ್ರೆ ಹೇಳಿ, ಪರವಾಗಿಲ್ಲ," ಎಂದಳು. ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗಿಗೆ ಇದ್ದ ಧೈರ್ಯ ನನಗಿರಲಿಲ್ಲ. ಕಾಗದವನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡು ಓಡಾಡಿದೆ. ಆ ದಿನಗಳಲ್ಲಿ ಕಾಕಾ ಮನೆಯ ಓಣಿ ಬಿಟ್ಟು ಸುತ್ತಿ ಹೋಗುತ್ತಿದ್ದೆ.

ಸಭೆ ಗಣಪತಿ ಹಬ್ಬಕ್ಕೆ ಮುಂಚಿನ ಭಾನುವಾರ, ನಮ್ಮ ಹಳೆಯ ಕ್ಯಾಂಟೀನಿನಲ್ಲಿ. ಹೊರಗೆ ಮಳೆ, ಒಳಗೆ ಒದ್ದೆ ಬಟ್ಟೆಯ ಮುಗ್ಗಲು ವಾಸನೆ, ಕೂರಲು ಜಾಗವಿಲ್ಲದಷ್ಟು ಜನ. ಮುಂಬೈಯಿಂದ ಬಂದ ದೊಡ್ಡ ಸಾಹೇಬರು ಪರದೆಯ ಮೇಲೆ ಬಣ್ಣದ ಚಿತ್ರಗಳನ್ನು ತೋರಿಸಿದರು. ಮನೆಗಳೂ ಬರುತ್ತವೆ, ಉದ್ಯಾನವೂ ಬರುತ್ತದೆ ಎಂದರು. ಚಿತ್ರದಲ್ಲಿ ದಿಬ್ಬವನ್ನು ಪೂರ್ತಿ ಅಗೆದು ಸಮ ಮಾಡಿ, ನದಿಗೆ ಇಳಿಯುವ ಮೆಟ್ಟಿಲುಗಳನ್ನು ಮಾಡಿದ್ದರು. ಮೆಟ್ಟಿಲ ಮೇಲೆ ಬಲೂನು ಹಿಡಿದ ಮಕ್ಕಳು. ಜನ ಚಪ್ಪಾಳೆ ತಟ್ಟಿದರು. ಸಹಿ ಹಾಕಿದ ಹೆಂಗಸರು ನನ್ನ ಕಡೆ ತಿರುಗಿ ಗೆದ್ದೆವು ಎಂಬಂತೆ ಕಣ್ಣು ಮಿಟುಕಿಸಿದರು. ಪರ್ಸಿನ ಜಿಪ್ಪಿನ ಮೇಲೆ ನನ್ನ ಕೈ ಇತ್ತು. ತೆಗೆಯಲಿಲ್ಲ.

ಆಗ ಹಿಂದಿನ ಸಾಲಿನಲ್ಲಿ ಮಲ್ಲಪ್ಪ ಕಾಕಾ ಎದ್ದು ನಿಂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಆ ವರೆಗೆ ಅವರನ್ನು ಟೋಪಿಯಿಲ್ಲದೆ ನಾನು ನೋಡಿರಲಿಲ್ಲ. ಅವರು ಮರಾಠಿಯಲ್ಲಿ ನಿಧಾನವಾಗಿ, ಒಂದೊಂದೇ ಮಾತು ಹುಡುಕಿಕೊಂಡು ಹೇಳಿದರು: ಆ ದಿಬ್ಬದ ಕೆಳಗೆ ಬಾಯ್ಲರಿನ ಬಿಳಿ ಹತ್ತಿ ಇದೆ. ಅದನ್ನು ಹುಗಿದವನು ನಾನು. ಎಂಟು ಜನರ ಕೈಯಲ್ಲಿ ಹುಗಿಸಿದವನು ನಾನು. ಅವರಲ್ಲಿ ಮೂವರು ಎದೆಯ ರೋಗದಿಂದ ಸತ್ತಿದ್ದಾರೆ. ನನ್ನ ಬಟ್ಟೆ ಝಾಡಿಸಿದ ನನ್ನ ಹೆಂಡತಿ ಸತ್ತಿದ್ದಾಳೆ. ಅವಳ ಆಸ್ಪತ್ರೆಯ ಕಾಗದಗಳನ್ನು ಮೊನ್ನೆ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಇದೇ ಕಾರಣವಿರಬೇಕೆಂದು ಅವರು ಹೇಳಿದರು. ದಿಬ್ಬ ಅಗೆಯಬೇಡಿ.

ದೊಡ್ಡ ಸಾಹೇಬರು ಮೊದಲು ಸಾವರಿಸಿಕೊಂಡು, ಬಾಬಾ ವಯಸ್ಸಾದವರು, ನಮ್ಮ ಬಳಿ ಅಂಥ ಯಾವ ದಾಖಲೆಯೂ ಇಲ್ಲ ಎಂದು ನಗುತ್ತ ಹೇಳಿದರು. ಆ ನಗುವಿಗೆ ನಾನು ಎದ್ದೆ. ಹೇಗೆ ಎದ್ದೆನೋ ಗೊತ್ತಿಲ್ಲ. "ದಾಖಲೆ ಇದೆ," ಎಂದೆ. ಕಾಗದ ಬಿಚ್ಚಿ ಓದಿದೆ. ಓದಿ ಮುಗಿಸಿದಾಗ ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ, ಮಡಿಲಲ್ಲಿ ಮಲಗಿದ್ದ ಮಗುವಿನ ಮೂಗಿನ ಮೇಲೆ ಸೆರಗು ಮುಚ್ಚಿದಳು. ಕಿಟಕಿಯಾಚೆ ದಿಬ್ಬ ಮಳೆಯಲ್ಲಿ ನೆನೆಯುತ್ತಿತ್ತು, ಅಲ್ಲಿಂದ ಏನೂ ಹಾರಿಬರುವಂತಿರಲಿಲ್ಲ. ಆದರೂ ಒಬ್ಬೊಬ್ಬರೇ ಮೂಗು ಮುಚ್ಚಿಕೊಂಡರು.

ಆಮೇಲೆ ಕೂಗಾಟ. ಕಂಪನಿಯ ಮೇಲೆ ಕೂಗಿದವರಿಗಿಂತ ಕಾಕಾ ಮೇಲೆ ಕೂಗಿದವರೇ ಹೆಚ್ಚು. ಇಷ್ಟು ವರ್ಷ ಯಾಕೆ ಹೇಳಲಿಲ್ಲ, ನಮ್ಮ ಮಕ್ಕಳನ್ನು ಅಲ್ಲಿ ಆಡಿಸಿದಿರಲ್ಲ ಎಂದರು. ಕಾಕಾ ಮಳೆಯಲ್ಲೇ ಹೊರಗೆ ನಡೆದರು. ನಾನು ಹಿಂದೆ ಓಡಿದೆ. ಗೇಟಿನ ಹತ್ತಿರ ಕಾವಲುಗಾರನ ಗೂಡಿನ ಸೂರಿನಡಿ ನಿಂತಿದ್ದರು.

"ಆವತ್ತು ಕಟ್ಟೀಮ್ಯಾಲೆ ಕುಂತಾಗನ ನಿನಗ ಗೊತ್ತಾಗಿತ್ತಲ್ಲಾ?" ಎಂದರು, ನನ್ನ ಕಡೆ ನೋಡದೆ.

"ಹೌದ್ರಿ ಕಾಕಾ."

"ನೀ ತಲಿ ಎತ್ತಲಾರದ್ದು ನೋಡೇ ನನಗ ಏನೋ ಅನಿಸ್ತು. ನೀ ಹ್ವಾದ ಮ್ಯಾಲೆ ಆಕಿ ಫೈಲ್ ತಗದೆ." ಆಮೇಲೆ ಕೇಳಿದರು: "ಯಾಕ ಹೇಳಲಿಲ್ಲ?"

"ಬಾಯಿ ಬರಲಿಲ್ರಿ."

ಅವರು ಒದ್ದೆಯಾದ ಟೋಪಿಯನ್ನು ಹಿಂಡಿದರು. ನೀರು ಧಾರೆಯಾಗಿ ಬಿತ್ತು.

"ಆಕಿ ಇದ್ದಾಗ ನನಗ ತಿಳಿದಿದ್ರ, ನನಗೂ ಬಾಯಿ ಬರತಿರಲಿಲ್ಲ ಬಿಡವ್ವಾ," ಎಂದರು. ಅಷ್ಟು ಹೇಳಿ ಅತ್ತರು. ಶಾಂತವ್ವ ಕಾಕೂ ತೀರಿಕೊಂಡಾಗಲೂ ನಮ್ಮೆದುರು ಅಳದ ಮನುಷ್ಯ ಗೋಡೆಗೆ ಹಣೆ ಇಟ್ಟು ಅತ್ತರು.

ಆ ಜಾಗದ ಕತೆ ಇವತ್ತಿಗೂ ಮುಗಿದಿಲ್ಲ. ಸಭೆಯ ಮರುವಾರವೇ ದಿಬ್ಬದ ಸುತ್ತ ನೀಲಿ ತಗಡು ನಿಲ್ಲಿಸಿದರು. ಮನೆ ಕಟ್ಟುವವರು ಹಿಂದೆ ಸರಿದರು. ಬಗೆದು ತೆಗೆದು ಬೇರೆಡೆ ಸಾಗಿಸಬೇಕೆಂದು ಒಂದು ಸಮಿತಿ, ಅಲುಗಾಡಿಸದೆ ಮೇಲೆ ದಪ್ಪ ಮಣ್ಣು ಹೊದಿಸಬೇಕೆಂದು ಇನ್ನೊಂದು. ಹುಗಿದದ್ದು ಆ ಒಂದೇ ಜಾಗದಲ್ಲೋ ಬೇರೆಲ್ಲಾದರೂ ಇದೆಯೋ ಯಾರಿಗೂ ಗೊತ್ತಿಲ್ಲ, ಏಕೆಂದರೆ ಬರೆದಿಟ್ಟವರಿಲ್ಲ. ಚಿಮಣಿಗಳು ಹಾಗೇ ನಿಂತಿವೆ. ಕಾಲೊನಿ ಖಾಲಿಯಾಯಿತು, ನಾವು ಶಿವಾಜಿನಗರದ ಕಡೆ ಬಾಡಿಗೆ ಮನೆಗೆ ಬಂದೆವು. ಅನಘಾಳ ಎದೆಯ ಚಿತ್ರ ತೆಗೆಸಿದೆ, ಏನೂ ಇಲ್ಲ ಎಂದರು. ಮೇಘನಾ ಆ ಸಂಸ್ಥೆ ಬಿಟ್ಟಳು. ಅವಳೇ ಬಿಟ್ಟಳೋ ಬಿಡಿಸಿದರೋ ನನಗೆ ಹೇಳಲಿಲ್ಲ. ಕಾಕಾಗೂ ಎದೆಯಲ್ಲಿ ಕಲೆಗಳಿದ್ದವು. ಈಗ ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದಾರೆ. ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ಉಸಿರು ಸಾಲುವುದಿಲ್ಲ.

ಆದರೆ ಹೋಗುವ ಮುಂಚೆ ಅವರು ಒಂದು ಕೆಲಸ ಮಾಡಿ ಹೋದರು. ದೀಪಾವಳಿ ಕಳೆದ ಮೇಲೆ ಒಂದು ದಿನ ಬಂದು "ನನ್ನ ಮಂದೀನ ಹುಡಕಬೇಕು. ನೀನೂ ನನ್ನ ಜೋಡಿ ಬಾ. ಡಾಕ್ಟರ್ ಮಾತು ನನಗ ಬಿಡಿಸಿ ಹೇಳಾಕ ಬರೂದಿಲ್ಲ," ಎಂದರು. ತಂಡದ ಎಂಟು ಜನರಲ್ಲಿ ಸತ್ತ ಮೂವರ ಮನೆಗಳು, ಬದುಕಿರುವ ಐವರ ಮನೆಗಳು. ಪ್ರತಿ ಭಾನುವಾರ ರಿಕ್ಷಾದಲ್ಲಿ ಹೋದೆವು. ಎಲ್ಲ ಕಡೆಯೂ ಕಾಕಾ ಒಂದೇ ರೀತಿ ಶುರು ಮಾಡುತ್ತಿದ್ದರು: ಆ ಕೆಲಸಕ್ಕೆ ನಿಮ್ಮನ್ನು ಕರೆದದ್ದು ನಾನು. ಆಮೇಲೆ ನಾನು ವಿವರಿಸುತ್ತಿದ್ದೆ: ಎದೆಯ ಪರೀಕ್ಷೆ ಮಾಡಿಸಿಕೊಳ್ಳಿ, ಬಟ್ಟೆ ಒಗೆದ ಹೆಂಗಸರನ್ನೂ ಕರೆದೊಯ್ಯಿರಿ, ಏನು ಕೆಲಸ ಮಾಡಿದ್ದಿರಿ ಎಂಬುದನ್ನು ತಪ್ಪದೆ ಹೇಳಿ. ಒಂದು ಮನೆಯಲ್ಲಿ ಚಹಾ ಕೊಟ್ಟರು. ಒಂದು ಮನೆಯ ವಿಧವೆ ಗಂಡನ ಫೋಟೋ ತಂದು ಕಾಕಾ ಕೈಗೆ ಕೊಟ್ಟು, ಒಳಗೆ ಹೋದಳು. ಒಬ್ಬನ ಮನೆ ಮಾತ್ರ ಸಿಗಲೇ ಇಲ್ಲ.

ಕೊನೆಯದು ಹಡಪಸರದ ಆಚೆ, ತುಕಾರಾಮ ಎನ್ನುವವನದು. ಅವನು ಹಾಸಿಗೆ ಹಿಡಿದಿದ್ದಾನೆಂದು ಕೇಳಿದ್ದೆವು. ಜನವರಿಯ ಬೆಳಗು, ಎಳೆ ಬಿಸಿಲು. ಸೊಸೆ ಬಾಗಿಲಿಗೆ ಬಂದಳು. ಕಾಕಾ ತಮ್ಮ ಮಾತು ಶುರು ಮಾಡಿದರು. ಪೂರ್ತಿ ಕೇಳದೆಯೇ ಅವಳ ಮುಖ ಬಿಗಿಯಿತು. "ಮಾವ ದಿನಾ ನಿಮ್ಮನ್ನ ಹೊಗಳುತ್ತಿದ್ದರು. ನಮ್ಮ ಮುಕಾದಮ ದೇವರಂಥವನು ಅನ್ನುತ್ತಿದ್ದರು," ಎಂದು ಮರಾಠಿಯಲ್ಲಿ ಹೇಳಿ, ರಪ್ಪನೆ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು.

"ನಡೀರಿ ಕಾಕಾ, ಇನ್ನೊಂದು ದಿನ ಬರೂಣು," ಎಂದೆ.

ಅವರು ಅಲುಗಲಿಲ್ಲ. ಮುಚ್ಚಿದ ಬಾಗಿಲ ಹತ್ತಿರ ಮುಖ ತಂದು, ದೊಡ್ಡ ದನಿಯಲ್ಲಿ ಆಸ್ಪತ್ರೆಯ ಹೆಸರು ಹೇಳಿದರು. ಡಾಕ್ಟರು ಯಾವ ಯಾವ ವಾರ ಕೂರುತ್ತಾರೆ, ಎಷ್ಟು ಹೊತ್ತಿಗೆ ಚೀಟಿ ಮಾಡಿಸಬೇಕು, ಯಾವ ಕಿಟಕಿ ಎಂದು ಹೇಳಿದರು. ಉಸಿರು ತೆಗೆದುಕೊಂಡು ಮತ್ತೆ ಮೊದಲಿನಿಂದ ಹೇಳಿದರು. ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಮೂರನೆಯ ಸಲ ಹೇಳುವಾಗ ಕೆಮ್ಮು ಹತ್ತಿಕೊಂಡು ಮೆಟ್ಟಿಲ ಮೇಲೆ ಕುಸಿದು ಕುಳಿತರು. ಬಾಗಿಲ ಒಳಗೊಂದು ಕೆಮ್ಮು, ಹೊರಗೊಂದು.

ಬಾಗಿಲು ಒಂದು ಗೇಣು ತೆರೆಯಿತು. ಬಳೆ ತೊಟ್ಟ ಕೈಯೊಂದು ಹೊರಗೆ ಬಂತು. ಮುಖ ಕಾಣಲಿಲ್ಲ. ಕೈಯಲ್ಲಿ ಮಗುವಿನ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ, ಒಂದು ಪೆನ್ನು. ನಾನು ಬರೆಯಲೆಂದು ಕೈ ಚಾಚಿದೆ. ಕಾಕಾ ತಾವೇ ತೆಗೆದುಕೊಂಡರು. ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಆಸ್ಪತ್ರೆಯ ಹೆಸರು, ವಾರ, ಹೊತ್ತು, ಕಿಟಕಿ ಎಲ್ಲ ಬರೆದರು. ಯಾವ ಇಸವಿಯಲ್ಲಿ, ಯಾವ ಬಾಯ್ಲರಿನ ಮೇಲೆ, ಎಷ್ಟು ದಿನ ಕೆಲಸ ಮಾಡಿದ್ದೆಂದು ಬರೆದರು. ಬರೆದದ್ದನ್ನು ಒಮ್ಮೆ ಓದಿ ನೋಡಿ, 'ಕೆಲಸ ಮಾಡಿಸಿದವನು' ಎಂದು ಕೆಳಗೆ ಬರೆದು, ತಮ್ಮ ಪೂರ್ತಿ ಹೆಸರು ಹಾಕಿ ಆ ಕೈಗೆ ಕೊಟ್ಟರು.